ಬೀಮಿಗೆ ಬಗ್ಗದ ಹತ್ತಿ

ಅಕ್ಟೋಬರ್ ೯, ಬುಧವಾರ

ಪ್ರೀತಿಯ ಮೇಷ್ಟ್ರಿಗೆ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ನೋವು ಹೇಗಿದೆ? ಬೆಳಗಿನ ವಾಕಿಂಗ್ ತಪ್ಪಿಸುತ್ತಿಲ್ಲ ತಾನೆ? ಇಷ್ಟು ದಿನ ಒಂದು ಸಾಲೂ ಬರೆಯದ ನನ್ನನ್ನು ಮನಸಾರೆ ಬೈದಿರುತ್ತೀರಿ. ಬೈಯಿರಿ, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಆದರೆ ನನ್ನ ಕಡೆಯದೂ ಒಂದು ಮಾತಿದೆ. ಲ್ಯಾಬಿನಲ್ಲಿ ಯಾರಾದರೂ "ಸಾರ್, ಪರೀಕ್ಷೆ ಬಹುತೇಕ ಮುಗೀತು" ಎಂದರೆ ನೀವು ಕನ್ನಡಕವನ್ನು ಹಣೆಗೇರಿಸಿ, "ಬಹುತೇಕ ಅನ್ನೋದು ಯಾವ ಅಳತೆ ಕಣಪ್ಪ? ಮುರೀತಾ, ಇಲ್ವಾ? ಅಷ್ಟು ಹೇಳು" ಎನ್ನುತ್ತಿದ್ದಿರಿ. ಮುರಿಯಿತೋ ಇಲ್ಲವೋ ಎನ್ನುವುದು ನಮಗೇ ತಿಳಿದದ್ದು ನಿನ್ನೆ ಮಧ್ಯಾಹ್ನ. ಆಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇವತ್ತು ರಜೆ ಹಾಕಿ, ಒಲೆಯ ಮೇಲಿಟ್ಟ ಹಾಲನ್ನು ಒಂದು ಸಲ ಉಕ್ಕಿಸಿ, ಒರೆಸಿ, ಅಡುಗೆಮನೆಯ ಮೇಜಿನಲ್ಲೇ ಕುಳಿತು ಬರೆಯುತ್ತಿದ್ದೇನೆ.

ಫಲಿತಾಂಶ ಮಾತ್ರ ಈಗಲೇ ಹೇಳುವುದಿಲ್ಲ, ಮೊದಲಿನಿಂದ ಕೇಳಬೇಕು. ನಿಮಗೆ ಇದನ್ನು ಓದಿ ಹೇಳುತ್ತಿರುವವರಿಗೂ ಅರ್ಥವಾಗಲಿ ಎಂದು, ನಿಮಗೆ ಚೆನ್ನಾಗಿ ಗೊತ್ತಿರುವುದನ್ನೂ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ತಪ್ಪು ಕಂಡ ಕಡೆ ತಡೆಯಿರಿ.

ನಮ್ಮ ದೊಡ್ಡ ಯಂತ್ರ ನೆಲದಡಿಯ ಕೊಳವೆಯಲ್ಲಿ ಪ್ರೋಟಾನುಗಳನ್ನು ಓಡಿಸಿ ಓಡಿಸಿ, ಬೆಳಕಿನ ಬೆನ್ನು ಹತ್ತುವಷ್ಟು ವೇಗ ಕೊಟ್ಟು, ಒಂದು ಗುಂಪಾಗಿ ಹೊರಬಿಡುತ್ತದೆ. ಆ ಗುಂಪಿಗೇ ನಾವು ಬೀಮ್ ಎನ್ನುವುದು. ಅದರ ದಾರಿಗೆ ಒಂದು ವಸ್ತುವನ್ನು ಅಡ್ಡ ಇಡುತ್ತೇವೆ. ಬೀಮ್ ಬಡಿದಾಗ ಅದರಿಂದ ಚಿಮ್ಮುವ ಹೊಸ ಕಣಗಳೇ ಭೌತವಿಜ್ಞಾನದವರಿಗೆ ಬೇಕಾದದ್ದು. ಹಾಗೆ ಅಡ್ಡ ನಿಂತು ಪೆಟ್ಟು ತಿನ್ನುವ ವಸ್ತುವೇ ಟಾರ್ಗೆಟ್. ಯಂತ್ರ ಕಟ್ಟಿದವರಿಗೆ ಶಹಬ್ಬಾಸ್, ಕಣ ಕಂಡವರಿಗೆ ಚಪ್ಪಾಳೆ, ಪೆಟ್ಟು ತಿಂದ ಟಾರ್ಗೆಟ್ಟಿನ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ ಎಂದು ನೀವು ಗೊಣಗುತ್ತಿದ್ದದ್ದು ನನಗೆ ಬಾಯಿಪಾಠ.

ಆ ಪೆಟ್ಟಾದರೂ ಎಂಥದ್ದು! ಕಣ್ಣು ಮಿಟುಕಿಸುವುದಕ್ಕೆ ಬೇಕಾದ ಹೊತ್ತಿನಲ್ಲಿ ಸಾವಿರದಲ್ಲೊಂದು ಪಾಲೂ ಇಲ್ಲ, ಅಷ್ಟರಲ್ಲೇ ಟಾರ್ಗೆಟ್ಟಿನ ನಡುಭಾಗ ಕುಲುಮೆಯ ಹಾಗೆ ಕಾದುಬಿಡುತ್ತದೆ. ಅಂಚು ಇನ್ನೂ ತಣ್ಣಗೇ ಇರುತ್ತದೆ. ನಡುಭಾಗ ಹಿಗ್ಗುತ್ತೇನೆ ಎನ್ನುತ್ತದೆ, ಅಂಚು ಜಾಗ ಬಿಡುವುದಿಲ್ಲ. ಆ ಜಗಳ ಅಲೆಯಾಗಿ ವಸ್ತುವಿನ ಮೈತುಂಬ ಓಡುತ್ತದೆ, ಓಡಿದ ಕಡೆಯೆಲ್ಲ ಬಿರುಕು. ಒಂದು ಸಲವಾದರೆ ತಡೆದುಕೊಂಡೀತು. ಇದು ಕ್ಷಣಕ್ಕೊಂದು ಪೆಟ್ಟು, ತಿಂಗಳುಗಟ್ಟಲೆ. ಈಗ ಯಂತ್ರದವರು ಬೀಮಿನ ಬಲವನ್ನು ಎರಡರಷ್ಟು ಮಾಡಲು ಹೊರಟಿದ್ದಾರೆ. ಯಂತ್ರ ಸಿದ್ಧ, ಕಟ್ಟಡ ಸಿದ್ಧ, ಅಡ್ಡ ನಿಲ್ಲುವ ಗಟ್ಟಿಗ ಮಾತ್ರ ಇಲ್ಲ. ಸಿಗದಿದ್ದರೆ ಇಷ್ಟೆಲ್ಲ ಕಟ್ಟಿಯೂ ಅರ್ಧ ಬಲದಲ್ಲೇ ಓಡಿಸಬೇಕು.

ಗಟ್ಟಿಗನನ್ನು ಹುಡುಕುವುದನ್ನೇ ಬಿಟ್ಟರೆ ಹೇಗೆ ಎನ್ನುವುದು ನಮ್ಮ ಯೋಚನೆ. ಅಲೆಗೆ ಓಡಲು ದಾರಿಯೇ ಇಲ್ಲದಂತೆ ಮಾಡುವುದು. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಸೆರಾಮಿಕ್ ಎಳೆಗಳನ್ನು ನೂತು, ಕುಲುಮೆಯಲ್ಲಿ ಸುಟ್ಟು, ಒಂದರ ಮೇಲೊಂದು ಹಾಸಿ ಬಿಲ್ಲೆ ಮಾಡುತ್ತೇವೆ. ಪ್ರತಿ ಎಳೆಯೂ ತನ್ನ ಪಾಡಿಗೆ ತಾನು ಹಿಗ್ಗಿ ಕುಗ್ಗುತ್ತದೆ, ಪಕ್ಕದ್ದರ ತಂಟೆಗೆ ಹೋಗುವುದಿಲ್ಲ. ನಡುವಿನ ಸಂದುಗಳಲ್ಲಿ ಅನಿಲ ಹಾಯಿಸಿ ತಂಪು ಮಾಡಬಹುದು. ಅಂಗೈ ಮೇಲಿಟ್ಟರೆ ಭಾರವೇ ಇಲ್ಲ, ಥೇಟ್ ಹತ್ತಿ. ಅದಕ್ಕೇ ಇಲ್ಲಿ ಎಲ್ಲರಿಗೂ ನಾನು ಹತ್ತಿ ಮೇಡಂ. ಎಳೆ ನೂಲುವ ನನ್ನ ಜೊತೆಗಾತಿ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಇಡೀ ದಿನ ವಿದ್ಯುತ್ ಹರಿಯುವ ಸೂಜಿಯ ಮುಂದೆ ಕುಳಿತು ದ್ರವದಿಂದ ದಾರ ಎಳೆಯುತ್ತಾಳೆ. ಅವಳು ಜೇಡಮ್ಮ. ಆ ಹೆಸರಿಟ್ಟದ್ದು ನಾನೇ, ಅವಳಿಗೇನೂ ಬೇಜಾರಿಲ್ಲ. ತನ್ನ ಕೋಣೆಯ ಬಾಗಿಲ ಮೇಲೆ ಅವಳೇ ಒಂದು ಜೇಡದ ಚಿತ್ರ ಅಂಟಿಸಿಕೊಂಡಿದ್ದಾಳೆ.

ಪಕ್ಕದ ಕೋಣೆಯಲ್ಲಿ ಟಂಗ್‌ಸ್ಟನ್ ಸಾಹೇಬರು, ಟಂಗ್‌ಸ್ಟನ್ ಲೋಹದ ಕಂಬಿಯೇ ಟಾರ್ಗೆಟ್ ಆಗಬೇಕು ಎನ್ನುವವರು. ಜೀವಮಾನವಿಡೀ ಭಾರಲೋಹದ ಜೊತೆ ಕಳೆದು ಲೋಹದಷ್ಟೇ ಗಡುಸಾಗಿರುವ ಮನುಷ್ಯ. ಕಾಫಿ ಯಂತ್ರದ ಮುಂದೆ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಏನ್ ಮೇಡಂ, ಬೀಮಿಗೆ ಅಡ್ಡ ನಿಲ್ತೀರೋ, ದಿಂಬು ಹೊಲೀತೀರೋ?" ನಾನೂ ಬಿಡುತ್ತಿರಲಿಲ್ಲ. "ನಿಮ್ಮ ಕಂಬಿ ಬಿರುಕು ಬಿಟ್ಟ ದಿನ ತಲೆ ಇಟ್ಕೊಂಡು ಅಳೋಕೆ ಬೇಕಲ್ಲ ಸಾಹೇಬ್ರೇ, ಅದಕ್ಕೇ ಹೊಲೀತಿದ್ದೀನಿ" ಎನ್ನುತ್ತಿದ್ದೆ.

ಪರೀಕ್ಷೆಯ ಮೊದಲು ನನಗೂ ಜೇಡಮ್ಮನಿಗೂ ದೊಡ್ಡ ಜಟಾಪಟಿಯೇ ನಡೆಯಿತು. ನನ್ನ ಹಟ ಏನೆಂದರೆ, ಬಿಲ್ಲೆಯನ್ನು ಒತ್ತಿ ಒತ್ತಿ ಬಿಗಿ ಮಾಡಬೇಕು. ಎಳೆ ಹೆಚ್ಚಿದ್ದಷ್ಟೂ ಬೀಮಿಗೆ ಸಿಗುವ ವಸ್ತು ಹೆಚ್ಚು, ಚಿಮ್ಮುವ ಕಣಗಳೂ ಹೆಚ್ಚು. ಸಡಿಲವಾಗಿದ್ದರೆ ಬೀಮ್ ಸುಮ್ಮನೆ ಹಾಯ್ದು ಹೋಗುತ್ತದೆ, ಯಾವ ಪುರುಷಾರ್ಥಕ್ಕೆ? ಅವಳು ವಾದ ಮಾಡಲಿಲ್ಲ. "ನೀವ್ ಹೇಳೋದು ಸರಿ ಮೇಡಂ. ಆದ್ರೆ ಬಿಗಿದ್ದು ಮುಟ್ಟಿದ್ರೆ ನಂಗೆ ಅದು ಎಳೆ ಅನ್ಸಲ್ಲ, ಹಲಗೆ ಅನ್ಸುತ್ತೆ. ಒಂದು ಸಡಿಲದ್ದೂ ಇರ್ಲಿ. ಹೇಗೂ ಪೆಟ್ಟಿಗೇಲಿ ಜಾಗ ಖಾಲಿ ಇದೆ" ಎಂದಳು. "ನಿನ್ನಿಷ್ಟ, ಕೊನೇ ಗೂಡಲ್ಲಿ ಇಡು" ಎಂದೆ. ಉದಾರ ಮನಸ್ಸಿನಿಂದೇನೂ ಅಲ್ಲ, ಅವಳ ಬಾಯಿ ಮುಚ್ಚಿಸುವುದಕ್ಕೆ.

ಬೇಸಿಗೆಯಲ್ಲಿ ನಮ್ಮ ಸರದಿ ಬಂತು. ಇಂಥ ಪರೀಕ್ಷೆಗೆ ಬೀಮ್ ಸಿಗುವುದೇ ಅಪರೂಪ. ಎಲ್ಲ ಗುಂಪುಗಳ ಮಾದರಿಗಳನ್ನೂ ಹಳಿಯ ಮೇಲೆ ಸರಿಯುವ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಸುರಂಗದೊಳಗೆ ಇಟ್ಟು ಬಂದೆವು. ಮೇಲಿನ ಕಂಟ್ರೋಲ್ ರೂಮಿನಿಂದ ಪೆಟ್ಟಿಗೆಯನ್ನು ಸರಿಸುತ್ತ, ಒಂದೊಂದನ್ನೇ ಬೀಮಿನ ಎದುರಿಗೆ ತರುವುದು. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಪರದೆಗಳು, ಇಲ್ಲಿ ಏನೂ ತಿನ್ನಬಾರದು ಎಂಬ ಬೋರ್ಡಿನ ಕೆಳಗೇ ಬಿಸ್ಕತ್ತಿನ ಡಬ್ಬಿ. ಪಾಳಿಯ ಮುಖ್ಯಸ್ಥೆಯದು ರೈಲು ನಿಲ್ದಾಣದ ಪ್ರಕಟಣೆಯಂಥ ದನಿ, ಬೀಮ್ ಬಂತು ಎನ್ನುವುದಕ್ಕೂ ಬಿಸ್ಕತ್ತು ಕೊಡಿ ಎನ್ನುವುದಕ್ಕೂ ಒಂದೇ ರಾಗ.

ಮೊದಲು ಸಣ್ಣ ಪೆಟ್ಟುಗಳು. ಎಲ್ಲ ಮಾದರಿಗಳೂ ಪಾಸು. ಆಮೇಲೆ ಅರ್ಧ ಬಲ. ಸಾಹೇಬರ ಮೊದಲನೆಯ ಕಂಬಿ ಎದುರಿಗೆ ಬಂತು. ಅದರ ನಡುಕ ಅಳೆಯಲು ಲೇಸರ್ ಬಿಟ್ಟಿದ್ದೆವು. ಪರದೆಯ ಮೇಲಿನ ಗೆರೆ ನೆಟ್ಟಗೆ ಹೋಗುತ್ತಿದ್ದದ್ದು ಧಡಕ್ಕನೆ ಮೇಲೆ ಹಾರಿ, ಅದುರಿ, ಮತ್ತೆ ಮೊದಲಿದ್ದ ಕಡೆಗೆ ಬರಲೇ ಇಲ್ಲ. ಕಂಬಿ ಬಿರುಕು ಬಿಟ್ಟಿತ್ತು. ಸಾಹೇಬರು ಕೈಯಲ್ಲಿದ್ದ ಬಿಸ್ಕತ್ತನ್ನು ನಿಧಾನಕ್ಕೆ ಡಬ್ಬಿಗೆ ವಾಪಸು ಇಟ್ಟರು. ನನಗೆ ತಮಾಷೆ ಮಾಡುವ ಮನಸ್ಸೇ ಬರಲಿಲ್ಲ ಮೇಷ್ಟ್ರೇ. ಮುರಿದದ್ದು ಯಾರದ್ದೇ ಆಗಲಿ, ನಮ್ಮದೇ ಮುರಿದ ಹಾಗೆ, ನಿಮಗೆ ಗೊತ್ತು.

ಅಷ್ಟರಲ್ಲಿ ಯಂತ್ರದ ಒಂದು ಅಯಸ್ಕಾಂತ ಕೈಕೊಟ್ಟಿತು. ಬೀಮ್ ಬಂದ್. ಸರಿ ಮಾಡುವವರು ಓಡಿದರು, ಬಂದರು, ಮತ್ತೆ ಓಡಿದರು. ನಾವು ಕುಳಿತೆವು, ಎದ್ದೆವು, ಗಡಿಯಾರ ನೋಡಿದೆವು. ಬೀಮ್ ವಾಪಸು ಬರುವಷ್ಟರಲ್ಲಿ ನಮ್ಮ ಪಾಳಿ ಮುಗಿಯುತ್ತ ಬಂದಿತ್ತು, ಸಂಜೆಯ ಪಾಳಿ ಬೇರೆಯವರದ್ದು. ಮುಖ್ಯಸ್ಥೆ ಅದೇ ರಾಗದಲ್ಲಿ ಹೇಳಿದರು: "ಪೂರ್ತಿ ಬಲದ ಪೆಟ್ಟು ಎಲ್ರಿಗೂ ಕೊಡೋಕಾಗಲ್ಲ. ಒಂದು ಗುಂಪಿಗೆ ಮಾತ್ರ. ಸರದಿ ಪ್ರಕಾರ ಟಂಗ್‌ಸ್ಟನ್, ಎರಡನೇ ಕಂಬಿ."

ಪೂರ್ತಿ ಬಲದ ಪೆಟ್ಟು ತಿನ್ನದ ಮಾದರಿ ಪರೀಕ್ಷೆ ಬರೆಯದ ವಿದ್ಯಾರ್ಥಿ ಇದ್ದಂತೆ, ಪಾಸೂ ಅಲ್ಲ, ಫೇಲೂ ಅಲ್ಲ. ಮುಂದಿನ ಸರದಿ ಯಾವ ಕಾಲಕ್ಕೋ. ಜೇಡಮ್ಮ ನನ್ನ ತೋಳನ್ನು ಉಗುರು ಊರುವ ಹಾಗೆ ಹಿಡಿದುಕೊಂಡಿದ್ದಳು. ಆಗ ಸಾಹೇಬರು ಕುರ್ಚಿಯಿಂದ ಏಳದೆಯೇ ಹೇಳಿದರು:

"ನನ್ ಎರಡನೇ ಕಂಬಿ ಏನಾಗುತ್ತೆ ಅಂತ ಮೊದಲನೇದೇ ಹೇಳಿಬಿಡ್ತು. ಇವ್ರ ದಿಂಬು ಏನಾಗುತ್ತೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ದೇ ಇರೋದಕ್ಕೆ ಬೀಮ್ ಕೊಡಿ."

"ಸಾರ್, ನಿಮ್ಮ ಸರದಿ ಹೋಗುತ್ತೆ" ಎಂದರು ಮುಖ್ಯಸ್ಥೆ.

"ಹೋಗ್ಲಿ ಬಿಡಿ. ಬೇಗ ಸರಿಸಿ ಪೆಟ್ಟಿಗೇನ, ಆಮೇಲೆ ನನ್ ಮನಸ್ಸು ಬದಲಾದೀತು."

ಆ ಎರಡನೇ ಕಂಬಿಗೆ ಅವರು ಹೊಸದೊಂದು ಲೇಪ ಬಳಿದು ಎಷ್ಟು ಕಾಲ ಕಾದಿದ್ದರು ಎನ್ನುವುದು ನನಗೆ ಗೊತ್ತಿತ್ತು. ಧನ್ಯವಾದ ಹೇಳಲು ಅವರ ಕಡೆ ತಿರುಗಿದೆ. ಅವರು ಪರದೆಯ ಕಡೆ ಬೆರಳು ತೋರಿಸಿ, "ಅಲ್ ನೋಡಿ, ನನ್ನನ್ನಲ್ಲ" ಎಂದರು.

ಮೊದಲು ನನ್ನ ಮುದ್ದಿನ ಬಿಗಿ ಬಿಲ್ಲೆ. ಪೂರ್ತಿ ಬಲ. ಕ್ಯಾಮೆರಾದ ಪರದೆಯಲ್ಲಿ ಪುಸಕ್ಕನೆ ಒಂದು ಬಿಳಿ ಪುಡಿಯ ಮೋಡ. ಮೋಡ ಕರಗಿದಾಗ ನಡುವೆ ಸರಿಯಾಗಿ ಒಂದು ತೂತು! ಬೆರಳು ತೂರಿಸಿ ತೆಗೆದ ಹಾಗೆ. ವರ್ಷಗಟ್ಟಲೆ ನಾನು ಬರೆದ ಲೆಕ್ಕ, ಕೊಟ್ಟ ಭಾಷಣ, ಮಾಡಿದ ಜಗಳ ಎಲ್ಲ ಆ ತೂತಿನಿಂದಾಚೆ ಹೋದವು. "ಮುಗೀತು" ಎಂದೆ. ಜೇಡಮ್ಮ, "ಇನ್ನೊಂದಿದೆ ಮೇಡಂ" ಎಂದಳು.

ಪೆಟ್ಟಿಗೆ ಸರಿಯಿತು. ಕೊನೆಯ ಗೂಡು. ಪೂರ್ತಿ ಬಲ. "ಬೀಮ್ ಬಂತು" ಎಂದರು ಮುಖ್ಯಸ್ಥೆ. ಪರದೆಯಲ್ಲಿ ಏನೂ ಆಗಲಿಲ್ಲ. ಬಿಲ್ಲೆ ಇದ್ದ ಹಾಗೇ ಇತ್ತು. "ಇನ್ನೊಂದು ಕೊಡಿ." ಕೊಟ್ಟರು. ಏನೂ ಇಲ್ಲ. ಸಮಯ ಮುಗಿಯುವವರೆಗೂ ಮೇಲಿಂದ ಮೇಲೆ ಕೊಟ್ಟರು. ಬಿಲ್ಲೆ ಕಮಕ್ ಕಿಮಕ್ ಅನ್ನಲಿಲ್ಲ. ಜೇಡಮ್ಮ ಎದ್ದು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ನನ್ನ ತಲೆಯೊಳಗೆ ಹುಳ ಹೊಕ್ಕಿತು: ಪೆಟ್ಟು ಬಿದ್ದೇ ಇಲ್ಲದಿದ್ದರೆ? ಅಯಸ್ಕಾಂತ ಆಗಷ್ಟೇ ಕೆಟ್ಟಿತ್ತಲ್ಲ, ಬೀಮ್ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿದ್ದರೂ ನಾವು ಸಂಭ್ರಮಿಸುತ್ತಿರುವುದು ಹೊಡೆತವೇ ತಿನ್ನದ ಹತ್ತಿಯನ್ನು ನೋಡಿ! ಸಾಹೇಬರನ್ನು ನೋಡಿದೆ. ಅವರ ಮುಖದಲ್ಲೂ ಅದೇ ಹುಳ.

ಒಳಗೆ ಹೋಗಿ ನೋಡುವಂತಿಲ್ಲ. ಬೀಮ್ ತಿಂದ ವಸ್ತು ವಿಕಿರಣ ಸೂಸುತ್ತದೆ, ಹತ್ತಿರ ಹೋಗಬೇಕಾದರೆ ತಿಂಗಳುಗಟ್ಟಲೆ ಆರಬೇಕು. ನಮ್ಮ ಕೈಯಾರೆ ಮಾಡಿದ ಬಿಲ್ಲೆ, ಒಂದು ಗೋಡೆಯಾಚೆ, ಬದುಕಿದೆಯೋ ನಾಟಕವೋ ತಿಳಿಯದೆ ಇಷ್ಟು ದಿನ! ಮೇಷ್ಟ್ರೇ, ಆ ತಿಂಗಳುಗಳಲ್ಲಿ ನಾನು ಮನುಷ್ಯಳಾಗಿರಲಿಲ್ಲ. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ, ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿ ಹೋದೆ. ನಿಮಗೆ ಪತ್ರ ಶುರುಮಾಡಿ ಹರಿದೆ.

ನಿನ್ನೆ ಕೊನೆಗೂ ಪೆಟ್ಟಿಗೆ ತೆರೆದರು. ಗೋಡೆಯಷ್ಟು ದಪ್ಪದ ಗಾಜು, ಅದರಾಚೆ ಹಳದಿ ಬೆಳಕಿನ ಕೋಣೆ, ಒಳಗೆ ಎರಡು ಯಂತ್ರದ ಕೈಗಳು. ಈಚೆ ನಿಂತು ನಾವು ಕೈ ಆಡಿಸಿದರೆ ಆಚೆ ಅವು ಆಡುತ್ತವೆ. ಜೇಡಮ್ಮ ಹಿಡಿಕೆಗಳನ್ನು ಹಿಡಿದಳು. ಲೋಹದ ಕಂಬಿಗಳನ್ನು ಎತ್ತುವುದು ಸಲೀಸು. ಇದು ಹತ್ತಿ! ಚಿಮಟ ಸ್ವಲ್ಪ ಬಿಗಿಯಾದರೆ ಚೂರು, ಸ್ವಲ್ಪ ಸಡಿಲಾದರೆ ಒಳಗಿನ ಗಾಳಿಗೆ ಹಾರುತ್ತದೆ. ಅಷ್ಟು ದೊಡ್ಡ ಯಂತ್ರದ ಪೆಟ್ಟು ತಿಂದು ಬದುಕಿದ್ದು ನಮ್ಮ ಚಿಮಟಕ್ಕೆ ಸಿಕ್ಕಿ ಸತ್ತರೆ ಯಾರಿಗೆ ಮುಖ ತೋರಿಸೋಣ? ಬಿಲ್ಲೆ ಒಮ್ಮೆ ಪಕ್ಕಕ್ಕೆ ವಾಲಿತು. ಹಿಂದೆ ನಿಂತಿದ್ದ ಸಾಹೇಬರು, "ಯಾರೂ ಉಸಿರು ಬಿಡ್ಬೇಡಿ!" ಎಂದು ಪಿಸುಗುಟ್ಟಿದರು. ನಡುವೆ ಅಷ್ಟು ದಪ್ಪ ಗಾಜಿದೆ, ಆದರೂ ನಾವೆಲ್ಲ ನಿಜವಾಗಿ ಉಸಿರು ಬಿಗಿಹಿಡಿದು ನಿಂತೆವು! ಆಮೇಲೆ ನೆನೆದು ನೆನೆದು ನಕ್ಕಿದ್ದೇ ನಕ್ಕಿದ್ದು.

ಬಿಲ್ಲೆಯನ್ನು ಒಂದು ಫಿಲಂ ಹಾಳೆಯ ಮೇಲೆ ಮಲಗಿಸಿದಳು. ಬೀಮ್ ಎಲ್ಲಿ ಬಿದ್ದಿದೆಯೋ ಅಲ್ಲಿಂದ ವಿಕಿರಣ ಹೆಚ್ಚು ಬರುತ್ತದೆ, ಫಿಲಂ ಅಲ್ಲಿ ಕಪ್ಪಾಗುತ್ತದೆ. ಕಾದೆವು. ಮಧ್ಯಾಹ್ನ ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಫಿಲಂ ತೆಗೆದರು. ನಟ್ಟನಡುವೆ, ಶಾಯಿಯ ತೊಟ್ಟು ಬಿದ್ದ ಹಾಗೆ, ಒಂದು ಕಪ್ಪು ಚುಕ್ಕೆ! ಬೀಮ್ ಎಲ್ಲೂ ತಪ್ಪಿರಲಿಲ್ಲ. ಪ್ರತಿ ಪೆಟ್ಟೂ ಎದೆಗೇ ಬಿದ್ದಿತ್ತು. ಅದೇ ಚುಕ್ಕೆಯ ಜಾಗವನ್ನು ಸೂಕ್ಷ್ಮದರ್ಶಕದ ಕೆಳಗೆ ತಂದೆವು. ಎಳೆಗಳು ನೂತ ದಿನ ಹೇಗಿದ್ದವೋ ಹಾಗೇ, ಒಂದೂ ಕಡಿದಿಲ್ಲ, ಕರಗಿಲ್ಲ.

ಮುರಿಯಲಿಲ್ಲ ಮೇಷ್ಟ್ರೇ! ಬಹುತೇಕ ಅಲ್ಲ, ಪೂರ್ತಿ. ಮುರಿಯಲೇ ಇಲ್ಲ!

ನಾನು ಜೇಡಮ್ಮನನ್ನು ತಬ್ಬಿಕೊಂಡೆ. ಅವಳ ಕೈ ಇನ್ನೂ ಹಿಡಿಕೆಯಲ್ಲೇ ಇತ್ತು, ಆಚೆ ಯಂತ್ರದ ಕೈ ಗಾಳಿಯಲ್ಲಿ ಹುಚ್ಚುಹುಚ್ಚಾಗಿ ಆಡಿತು, ವಿಕಿರಣ ವಿಭಾಗದ ಅಧಿಕಾರಿಣಿ, "ಮೊದ್ಲು ಕೈ ತೆಗೀರಿ, ಆಮೇಲೆ ತಬ್ಕೊಳಿ!" ಎಂದು ಕೂಗಿದರು. ನಾನು ಜೇಡಮ್ಮನಿಗೆ, "ನೀನು ಗೆದ್ದೆ, ನಾನು ಸೋತೆ" ಎಂದೆ. ಅವಳು, "ಅಯ್ಯೋ ಮೇಡಂ, ಇಬ್ರದ್ದೂ ಒಂದೇ ಹತ್ತಿ ಅಲ್ವಾ?" ಎಂದಳು. ಸಾಹೇಬರು ಕೈ ಕುಲುಕಿ, "ನನಗೂ ಒಂದು ದಿಂಬು ಹೊಲಿದುಕೊಡಿ" ಎಂದರು. ಅವರ ಎರಡನೇ ಕಂಬಿಗೆ ಮುಂದಿನ ಸಲ ಮೊದಲ ಸರದಿ ಕೊಡಬೇಕು ಎಂದು ನಾನೂ ಜೇಡಮ್ಮನೂ ಸಂಜೆಯೇ ಬರೆದು ಕಳಿಸಿದ್ದೇವೆ.

ಇನ್ನು ಮುಂದೆ ಪೂರ್ತಿ ಅಳತೆಯ ಟಾರ್ಗೆಟ್ ನೂಲಬೇಕು, ನಡುವೆ ಅನಿಲ ಹಾಯಿಸಬೇಕು, ನಿಜವಾದ ಬೀಮಿನಲ್ಲಿ ವಾರಗಟ್ಟಲೆ ನಿಲ್ಲಿಸಬೇಕು. ಕೆಲಸ ಬೆಟ್ಟದಷ್ಟಿದೆ. ಈಗ ನಿಮ್ಮ ಹತ್ತಿರ ಒಂದು ಪ್ರಶ್ನೆ. ಬಿಗಿ ಬಿಲ್ಲೆ ಯಾಕೆ ತೂತಾಯಿತು? ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ತಟ್ಟನೆ ಕಾದು, ಹಿಗ್ಗಿ, ಹೊರಗೆ ಹೋಗಲು ದಾರಿ ಸಿಗದೆ ಒಡೆಯಿತು ಎಂದು ನನ್ನ ಊಹೆ. ಜೇಡಮ್ಮನಿಗೆ ಒತ್ತುವಾಗಲೇ ಎಳೆಗಳು ಗಾಯಗೊಂಡಿದ್ದವು ಎಂಬ ಅನುಮಾನ. ನೀವೇನಂತೀರಿ? ಯಾವಾಗಲಾದರೂ ಹೊಳೆದರೆ ಒಂದು ಸಾಲು ಬರೆಸಿ ಕಳಿಸಿ. ನಿಮ್ಮ ಒಂದು ಸಾಲು ನಮಗೆ ಹತ್ತು ಲೆಕ್ಕಕ್ಕೆ ಸಮ.

ಕಾಫಿ ಆರುವ ಮೊದಲು ಕುಡಿಯಿರಿ. ಸಂಜೆ ಹೊರಗೆ ಹೋಗುವಾಗ ಸ್ವೆಟರ್ ಮರೆಯಬೇಡಿ. ನಿಮಗೆ ಒಳ್ಳೆಯ ನಿದ್ದೆ ಬರಲಿ, ಮನೆಮಂದಿಗೆಲ್ಲ ಒಳಿತಾಗಲಿ. ನನ್ನ ತಲೆ ಮೇಲೆ ಕೈಯಿಟ್ಟ ಹಾಗೆ ಅಂದುಕೊಂಡು ಒಂದು ಮಾತು ಹರಸಿಬಿಡಿ.

ನಿಮ್ಮ ಪ್ರೀತಿಯ ಶಿಷ್ಯೆ,
ಹತ್ತಿ ಮೇಡಂ

ತಾ.ಕ. — ಅತ್ತಿಗೆ, ಈ ಹಾಳೆ ನಿಮಗೆ ಮಾತ್ರ. ಇದನ್ನು ಅಪ್ಪನಿಗೆ ಓದಬೇಡಿ.

ಅಪ್ಪನಿಗೆ ಹಳೇ ಶಿಷ್ಯೆಯಾಗಿ ಪತ್ರ ಬರೆಯುತ್ತೇನೆ ಎಂದಾಗ, ಹೆತ್ತ ಮಗಳು ಶಿಷ್ಯೆಯೆಂದು ಯಾಕೆ ಬರೆಯಬೇಕು ಎಂದು ಅಣ್ಣ ಫೋನಿನಲ್ಲಿ ಬೇಸರ ಮಾಡಿಕೊಂಡ. ನಾನು ಬಂದಿದ್ದ ದಿನ ನೀವಿಬ್ಬರೂ ಹೊರಗೆ ಹೋಗಿದ್ದಿರಲ್ಲ, ಆಗ ನಡೆದದ್ದನ್ನು ನಾನು ನಿಮಗೆ ಹೇಳಿರಲಿಲ್ಲ. ಬಾಗಿಲಲ್ಲಿ ನನ್ನನ್ನು ನೋಡಿ ಅಪ್ಪ, "ಯಾರು, ಗೊತ್ತಾಗ್ಲಿಲ್ಲ" ಎಂದರು. "ನಿಮ್ಮ ಮಗಳು ಅಪ್ಪ" ಎಂದೆ. ಬಹಳ ಹೊತ್ತು ಮುಖ ನೋಡಿದರು. ಕಷ್ಟಪಟ್ಟು ಎದ್ದು ನಿಂತು ನನಗೆ ಕೈಮುಗಿದರು. "ತಪ್ಪು ತಿಳ್ಕೋಬೇಡಮ್ಮ. ಮಗಳನ್ನ ಮರೆಯೋನು ಎಂಥ ಅಪ್ಪ ನಾನು?" ಎಂದು ಬಿಕ್ಕಿಬಿಕ್ಕಿ ಅತ್ತರು. ಸ್ವಲ್ಪ ಹೊತ್ತಿಗೆ ಅತ್ತದ್ದೂ ಮರೆತುಹೋಯಿತು, ಮತ್ತೆ "ಯಾರು?" ಎಂದರು. ಈ ಸಲ ನಾನು, "ನಿಮ್ಮ ಹಳೇ ಸ್ಟೂಡೆಂಟ್ ಸಾರ್, ಟಾರ್ಗೆಟ್ ಕೆಲಸ ಮಾಡ್ತೀನಿ" ಎಂದೆ. ಅತ್ತಿಗೆ, ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! ಕುರ್ಚಿ ಎಳೆದು ಹತ್ತಿರ ಹಾಕಿ, "ಕೂತ್ಕೋ ಕೂತ್ಕೋ, ಈಗ ಏನ್ ಮುರೀತಿದ್ದೀಯ?" ಎಂದರು. ಸಂಜೆಯವರೆಗೂ ಮಾತಾಡಿದೆವು. ಅವರ ಲ್ಯಾಬಿನಲ್ಲಿ ನಾನು ಒಂದು ದಿನವೂ ಓದಿದವಳಲ್ಲ, ಊಟದ ಹೊತ್ತಿಗೆ ಅವರೇ ಮನೆಯಲ್ಲಿ ಹೇಳುತ್ತಿದ್ದ ಕಥೆಗಳಿಂದಲೇ ನಿಭಾಯಿಸಿದೆ.

ಮಗಳಾಗಿ ಹೋದರೆ ಅಳುತ್ತಾರೆ, ಶಿಷ್ಯೆಯಾಗಿ ಹೋದರೆ ನಗುತ್ತಾರೆ. ಅಣ್ಣನಿಗೆ ಇಷ್ಟು ಹೇಳಿ.

ಪತ್ರ ಕೇಳಿ ಮುಗಿದ ಮೇಲೆ ಅವರು, ಆ ಹುಡುಗಿ ಮನೆಯವರಿಗೆ ಸುದ್ದಿ ತಿಳಿಸಿದಳಾ, ಅವಳ ಅಪ್ಪ ಇದ್ದಾರಾ ಎಂದು ಕೇಳಬಹುದು. ಪಾಸಾದ ಹುಡುಗರನ್ನೆಲ್ಲ ಹಾಗೆ ಕೇಳುತ್ತಿದ್ದರು. ಇದ್ದಾರಂತೆ, ಮೊದಲು ಅವರಿಗೇ ಹೇಳಿದಳಂತೆ, ತುಂಬ ಸಂತೋಷಪಟ್ಟರಂತೆ ಎಂದು ಹೇಳಿಬಿಡಿ.